ಟೊಮೆಟೊ ಕೆಡದ ಹಾಗೆ ಇಡುವುದು ಹೇಗೆ: ಬೆಂಗಳೂರಿನ ಅಡುಗೆಮನೆಗೆ ಸಮಗ್ರ ಮಾರ್ಗದರ್ಶಿ

ಎರಡು ಕೆ.ಜಿ. ಟೊಮೆಟೊ ತಂದು ಬುಟ್ಟಿಗೆ ಸುರಿಯುತ್ತೀರಿ. ಮೂರನೇ ದಿನ ಬುಟ್ಟಿಯ ಅಡಿಯಲ್ಲಿ ನೀರು. ನಾಲ್ಕನೇ ದಿನ ಸಣ್ಣ ನೊಣಗಳು. ಇದೆಲ್ಲ ಬೇಡ ಅಂತ ಫ್ರಿಜ್‌ಗೆ ತುಂಬಿದರೆ ಕೊಳೆಯುವುದು ನಿಲ್ಲುತ್ತದೆ, ಆದರೆ ಹಣ್ಣು ಸಪ್ಪೆ, ಒಳಗೆ ಹಿಟ್ಟು ಹಿಟ್ಟು. ಓದುಗರು ಮತ್ತೆ ಮತ್ತೆ ಹೇಳಿಕೊಳ್ಳುವ ದೂರು ಇವೇ.

ಜೊತೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಫ್ರಿಜ್‌ನಲ್ಲಿ ಇಡಬೇಕಾ, ಹೊರಗೆ ಇಡಬೇಕಾ? ಇದಕ್ಕೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಒಂದೇ ಚೀಲದಲ್ಲಿ ಬಂದ ಟೊಮೆಟೊಗಳೂ ಬೇರೆ ಬೇರೆ ಹದದಲ್ಲಿ ಇರುತ್ತವೆ. ಕಾಯಿಗೆ ಒಂದು ಜಾಗ, ಹಣ್ಣಿಗೆ ಇನ್ನೊಂದು. ಯಾವುದು ಯಾವಾಗ ಜಾಗ ಬದಲಾಯಿಸಬೇಕು ಎನ್ನುವುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೇ ಹಂತ ಬಿಟ್ಟು ನೇರವಾಗಿ ಆರನೆಯದಕ್ಕೆ ಹಾರುವವರೇ ಜಾಸ್ತಿ. ಸೋಲುವವರೂ ಅವರೇ.

## ಬೇಕಾಗುವ ಸಾಮಾನು

ದುಬಾರಿಯದ್ದು ಏನೂ ಬೇಡ.

ಅಗಲವಾದ ಬಿದಿರಿನ ಮೊರ ಅಥವಾ ತೂತಿರುವ ಚಪ್ಪಟೆ ಬುಟ್ಟಿ, ಎರಡು ಇದ್ದರೆ ಒಳ್ಳೆಯದು. ಆಳವಾದ ಬುಟ್ಟಿ ಬೇಡ. ಟೊಮೆಟೊ ಒಂದರ ಮೇಲೊಂದು ಕೂರಬಾರದು. ಹಾಸಲು ಹಳೆಯ ಹತ್ತಿ ಬಟ್ಟೆ, ಪಂಚೆಯ ತುಂಡಾದರೂ ಸರಿ. ಕಾಯಿ ಹಣ್ಣಾಗಿಸಲು ಒಂದೆರಡು ಕಾಗದದ ಚೀಲ. ಫ್ರಿಜ್‌ಗೆ ಒಂದು ಉದ್ದನೆಯ ಡಬ್ಬ. ಫ್ರೀಜರ್‌ಗೆ ಹಾಕುವ ಯೋಚನೆ ಇದ್ದರೆ ಜಿಪ್ ಕವರ್ ಮತ್ತು ಐಸ್ ಟ್ರೇ.

ಬುಟ್ಟಿಯ ಕೆಳಗೆ ನ್ಯೂಸ್‌ಪೇಪರ್ ಹಾಸುವ ರೂಢಿ ಎಲ್ಲರ ಮನೆಯಲ್ಲೂ ಇದೆ. ಬಿಟ್ಟರೆ ಒಳ್ಳೆಯದು. ಮುದ್ರಣದ ಶಾಯಿಯ ರಾಸಾಯನಿಕ ಆಹಾರಕ್ಕೆ ಅಂಟುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಒಂದು ಟೊಮೆಟೊ ಒಡೆದು ರಸ ಹರಿದರೆ ಆ ಪೇಪರ್ ಒದ್ದೆಯಾಗಿ ಪಕ್ಕದ ಹಣ್ಣಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಯಾದರೆ ಒಗೆದು ಮತ್ತೆ ಹಾಸಬಹುದು.

## ಹಂತ 1: ಕೊಳ್ಳುವಾಗಲೇ ಹದ ನೋಡಿ

ಕೆಟ್ಟ ಹಣ್ಣು ತಂದು ಎಷ್ಟು ಜೋಪಾನ ಮಾಡಿದರೂ ಪ್ರಯೋಜನ ಇಲ್ಲ. ಬೆಂಗಳೂರಿಗೆ ಬರುವ ಟೊಮೆಟೊ ಬಹುಪಾಲು ಕೋಲಾರ, ಚಿಕ್ಕಬಳ್ಳಾಪುರದ ಕಡೆಯದು. 15 ಕೆ.ಜಿ.ಯ ಬಾಕ್ಸ್‌ಗಳಲ್ಲಿ ತುಂಬಿ, ಲಾರಿಯಲ್ಲಿ ಕುಲುಕಾಡಿ, ಮಾರ್ಕೆಟ್‌ನಲ್ಲಿ ಒಮ್ಮೆ ಸುರಿದು, ತಳ್ಳುಗಾಡಿಯಲ್ಲಿ ಮತ್ತೊಮ್ಮೆ ಸುರಿದು ನಿಮ್ಮ ಕೈಗೆ ಬರುತ್ತದೆ. ಪೆಟ್ಟು ಬಿದ್ದಿದ್ದರೂ ಅದು ತಕ್ಷಣ ಕಾಣಿಸುವುದಿಲ್ಲ. ಒಂದೆರಡು ದಿನ ಬಿಟ್ಟು ಅಲ್ಲೇ ಮೆತ್ತಗಾಗುತ್ತದೆ. ಗಾಡಿಯಲ್ಲಿ ಚೆನ್ನಾಗಿ ಕೆಂಪಗಿದ್ದದ್ದು ಮನೆಗೆ ಬಂದ ಮೇಲೆ ಕೈ ಕೊಡುವುದು ಇದರಿಂದಲೇ.

ಹಾಗಾಗಿ ಎಲ್ಲವನ್ನೂ ಕೆಂಪಗಿರುವುದೇ ಆರಿಸಬೇಡಿ. ಇವತ್ತು ನಾಳೆಗೆ ಬೇಕಾದಷ್ಟು ಹಣ್ಣು ತೆಗೆದುಕೊಳ್ಳಿ. ಮಿಕ್ಕಿದ್ದು ದೋರೆಗಾಯಿ ಇರಲಿ, ಅಂದರೆ ತಳದಲ್ಲಿ ಬಣ್ಣ ತಿರುಗಿ, ಮೇಲೆ ಇನ್ನೂ ಹಸಿರು ಹಳದಿ ಇರುವಂಥದ್ದು. ವಾರಕ್ಕೊಮ್ಮೆ ತರಕಾರಿ ತರುವವರು ಅರ್ಧಕ್ಕಿಂತ ಜಾಸ್ತಿ ದೋರೆಗಾಯಿ ಆರಿಸಿದರೂ ನಷ್ಟ ಇಲ್ಲ.

ನಾಟಿ ಮತ್ತು ಹೈಬ್ರಿಡ್ ಒಂದೇ ರೀತಿ ಬಾಳುವುದಿಲ್ಲ. ನಾಟಿಯ ಸಿಪ್ಪೆ ತೆಳು, ರಸ ಜಾಸ್ತಿ, ಹುಳಿ ಚೆನ್ನಾಗಿರುತ್ತದೆ. ಸಾರಿಗೆ ಅದೇ ಬೇಕು ನಿಜ, ಆದರೆ ಬೇಗ ಮುಗಿಸಬೇಕು. ಹೈಬ್ರಿಡ್‌ನದ್ದು ದಪ್ಪ ಸಿಪ್ಪೆ, ಗಟ್ಟಿ ತಿರುಳು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ತಳಿಗಳು ದೂರದ ಸಾಗಾಟವನ್ನೂ ತಡೆಯುತ್ತವೆ. ಎರಡನ್ನೂ ಕೊಂಡರೆ ನಾಟಿ ಮೊದಲು ಖರ್ಚಾಗಲಿ.

ಬಿಡಬೇಕಾದ್ದು: ತೊಟ್ಟಿನ ಸುತ್ತ ಒದ್ದೆ ಬಿರುಕು ಇರುವುದು, ಸೂಜಿ ಚುಚ್ಚಿದಂಥ ತೂತು ಇರುವುದು (ಒಳಗೆ ಹುಳು ಇರಬಹುದು), ತಳ ಕಪ್ಪಾಗಿ ಚರ್ಮದ ಹಾಗೆ ಒಣಗಿರುವುದು. ಮಳೆ ಬಿದ್ದ ವಾರದಲ್ಲಿ ಬಿರುಕು ಬಿಟ್ಟ ಹಣ್ಣು ಜಾಸ್ತಿ ಬರುತ್ತದೆ. ಬಿರುಕು ಒಣಗಿ ಕಂದು ಗೆರೆಯಾಗಿದ್ದರೆ ಒಂದೆರಡು ದಿನದ ಅಡುಗೆಗೆ ಅಡ್ಡಿ ಇಲ್ಲ, ಇಡಲು ಮಾತ್ರ ಬೇಡ.

ಗಾಡಿಯವರು ತೂಗಿ ಚೀಲಕ್ಕೆ ಹಾಕುವಾಗ ಟೊಮೆಟೊ ಕೊನೆಗೆ ಹಾಕಿಸಿಕೊಳ್ಳಿ. ಅದರ ಮೇಲೆ ಆಲೂಗಡ್ಡೆ ಬಿದ್ದರೆ ಮುಂದಿನ ಹಂತಗಳೆಲ್ಲ ವ್ಯರ್ಥ.

## ಹಂತ 2: ಮನೆಗೆ ಬಂದ ಮೊದಲ ಅರ್ಧ ಗಂಟೆ

ಚೀಲ ಬಾಗಿಲ ಹಿಂದೆ ನೇತುಹಾಕಿ ಸಂಜೆ ನೋಡೋಣ ಅನ್ನಬೇಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬಂದಿದ್ದರೆ ಮೊದಲು ಅದರಿಂದ ತೆಗೆಯಿರಿ. ಟೊಮೆಟೊ ಕಿತ್ತ ಮೇಲೂ ಉಸಿರಾಡುತ್ತದೆ, ತೇವ ಬಿಡುತ್ತದೆ. ಕವರ್ ಒಳಗೆ ಆ ತೇವ ಹನಿಗಟ್ಟುತ್ತದೆ. ಬೂಷ್ಟಿಗೆ ಅಷ್ಟೇ ಸಾಕು. ಆ್ಯಪ್‌ನಲ್ಲಿ ತರಿಸಿದ ಪೊಟ್ಟಣಕ್ಕೆ ತೂತುಗಳಿದ್ದರೂ ಅದರಲ್ಲೇ ಬಿಡಬೇಡಿ.

ಈಗ ತೊಳೆಯಬೇಕಾ? ಬೇಡ. ಬಹಳ ಜನ ಇಲ್ಲೇ ತಪ್ಪುತ್ತಾರೆ. ತೊಟ್ಟು ಕಿತ್ತ ಜಾಗದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ ಅಲ್ವಾ, ಅಲ್ಲಿ ಸಿಪ್ಪೆಯ ರಕ್ಷಣೆ ಇಲ್ಲ. ನೀರು ಅಲ್ಲಿ ನಿಂತರೆ ಕೊಳೆ ಅಲ್ಲಿಂದಲೇ ಶುರು. ಬಿಸಿಲಲ್ಲಿ ಬಂದ ಬೆಚ್ಚಗಿನ ಹಣ್ಣನ್ನು ತಣ್ಣೀರಲ್ಲಿ ಮುಳುಗಿಸಿದರೆ ಇನ್ನೂ ತೊಂದರೆ. ಹಣ್ಣು ತಣ್ಣಗಾಗುತ್ತಾ ಆ ಗುಳಿಯ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ನೀರಿನ ಜೊತೆ ಹೊರಗಿನ ಕೊಳೆಯನ್ನೂ. ಬಳಸುವ ಮುಂಚೆ ತೊಳೆದರೆ ಸಾಕು.

ಮಣ್ಣು ಮೆತ್ತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ತಂದ ತಕ್ಷಣ ತೊಳೆಯದಿದ್ದರೆ ಸಮಾಧಾನವೇ ಆಗದು ಅನ್ನುವವರು ಹರಿಯುವ ನೀರಲ್ಲಿ ತೊಳೆಯಿರಿ, ಬಕೆಟ್‌ನಲ್ಲಿ ನೆನೆಹಾಕಬೇಡಿ. ಆಮೇಲೆ ಒಂದೊಂದನ್ನೇ ಒರೆಸಿ, ಫ್ಯಾನ್ ಕೆಳಗೆ ಬಟ್ಟೆಯ ಮೇಲೆ ಹರಡಿ. ತೊಟ್ಟಿನ ಗುಳಿ ಪೂರ್ತಿ ಒಣಗುವ ತನಕ ಎತ್ತಿಡಬೇಡಿ.

## ಹಂತ 3: ಮೂರು ಗುಂಪು ಮಾಡಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಿ ಎಂದಾದರೆ ಇದನ್ನೇ ಪಾಲಿಸಿ.

ಕಟ್ಟೆಯ ಮೇಲೆ ಎಲ್ಲ ಟೊಮೆಟೊ ಹರಡಿ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಳದ ಹತ್ತಿರ ತುಂಬಾ ಮೆಲ್ಲಗೆ ಒತ್ತಿ. ಹಿಸುಕಬೇಡಿ, ಆ ಒತ್ತಡದಿಂದಲೇ ನಾಳೆ ಕಲೆ ಬೀಳುತ್ತದೆ.

ಮೊದಲ ಗುಂಪು ಗಟ್ಟಿಯವು: ಹಸಿರು ಮತ್ತು ದೋರೆಗಾಯಿ. ಒತ್ತಿದರೆ ಜಗ್ಗುವುದಿಲ್ಲ.

ಎರಡನೆಯದು ಹದವಾದ ಹಣ್ಣು. ಪೂರ್ತಿ ಕೆಂಪು, ಒತ್ತಿದರೆ ಸ್ವಲ್ಪ ಜಗ್ಗಿ ಮತ್ತೆ ಮೊದಲಿನಂತಾಗುತ್ತದೆ, ತೊಟ್ಟಿನ ಹತ್ತಿರ ಘಮ ಇರುತ್ತದೆ.

ಮೂರನೆಯದು ಇವತ್ತೇ ಮುಗಿಸಬೇಕಾದವು. ಮೆತ್ತಗಿರುವವು, ಬಿರುಕು ಬಿಟ್ಟವು, ಪೆಟ್ಟು ತಿಂದವು, ಸಿಪ್ಪೆ ಸುಕ್ಕಾದವು. ಇವನ್ನು ಬುಟ್ಟಿಗೆ ಸೇರಿಸಲೇಬೇಡಿ. ಸಂಜೆಯ ಸಾರಿಗೋ ಗೊಜ್ಜಿಗೋ ನೇರ ಹೋಗಲಿ. ಆಗದಿದ್ದರೆ ಹತ್ತನೇ ಹಂತದಲ್ಲಿ ಹೇಳಿದ ಹಾಗೆ ಬೇಯಿಸಿ ಇಡಿ.

ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಾಗುವ ಟೊಮೆಟೊ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಅದು ಪಕ್ಕದ ಕಾಯಿಯನ್ನೂ ಬೇಗ ಮಾಗಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಎಲ್ಲವೂ ಒಟ್ಟಿಗೇ ಹಣ್ಣಾಗಿ ಒಟ್ಟಿಗೇ ಮೆತ್ತಗಾಗುತ್ತವೆ. ಒಡೆದ ಒಂದು ಹಣ್ಣಿನ ರಸ ತಗುಲಿದರೆ ಪಕ್ಕದ್ದಕ್ಕೂ ಕೊಳೆ ದಾಟುತ್ತದೆ. ಬುಟ್ಟಿಯ ಅಡಿಯಲ್ಲಿ ನೀರು ಕಾಣಿಸುವುದು ಇದೇ ಕಾರಣಕ್ಕೆ. ಒಂದರಿಂದ ಶುರುವಾಗಿ ನಾಲ್ಕು ಹೋಗಿರುತ್ತವೆ.

## ಹಂತ 4: ಜಾಗ ಆರಿಸಿ, ತಲೆಕೆಳಗಾಗಿ ಇಡಿ

ಮೊದಲ ಎರಡು ಗುಂಪು ಹೊರಗೇ ಇರಲಿ, ಬೇರೆ ಬೇರೆ ಮೊರದಲ್ಲಿ. ಗಾಳಿ ಆಡಬೇಕು, ನೆರಳಿರಬೇಕು, ನೀರು ಸಿಡಿಯಬಾರದು. ಊಟದ ಮೇಜು, ಶೆಲ್ಫ್‌ನ ತೆರೆದ ಕೆಳಹಲಗೆ, ಬಿಸಿಲು ಬೀಳದ ಯುಟಿಲಿಟಿ, ಎಲ್ಲಾದರೂ ಸರಿ.

ಇಡಬಾರದ ಜಾಗಗಳನ್ನು ಹೇಳಿಬಿಡುತ್ತೇನೆ. ಗ್ಯಾಸ್ ಒಲೆಯ ಪಕ್ಕ ಬೇಡ, ಅಲ್ಲಿ ದಿನಕ್ಕೆರಡು ಸಲ ಬಿಸಿ ತಗುಲುತ್ತದೆ. ಫ್ರಿಜ್‌ನ ನೆತ್ತಿಯೂ ಬೇಡ, ಅಲ್ಲಿ ಸದಾ ಬೆಚ್ಚಗಿರುತ್ತದೆ. ಸಿಂಕ್ ಕೆಳಗಿನ ಕಪಾಟಿನಲ್ಲಿ ಗಾಳಿ ಇಲ್ಲ, ತೇವ ಇದೆ, ಜಿರಳೆಯೂ ಇರಬಹುದು. ಕಿಟಕಿಯ ಬಿಸಿಲಲ್ಲಿ ಇಟ್ಟರೆ ಕಾಯಿ ಚೆನ್ನಾಗಿ ಹಣ್ಣಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಟೊಮೆಟೊ ಮಾಗಲು ಬೆಳಕು ಬೇಕಿಲ್ಲ, ಹಿತವಾದ ಶಾಖ ಸಾಕು. ಬಿಸಿಲಿನಲ್ಲಿ ಒಂದು ಮಗ್ಗುಲು ಬೆಂದು ಮೆತ್ತಗಾಗುತ್ತದೆ, ಇನ್ನೊಂದು ಗಟ್ಟಿಯಾಗೇ ಉಳಿಯುತ್ತದೆ.

ಇನ್ನು ಇಡುವ ಭಂಗಿ. ತೊಟ್ಟು ಬಿದ್ದುಹೋಗಿದ್ದರೆ ಗುಳಿ ಕೆಳಗೆ ಬರುವ ಹಾಗೆ, ತಲೆಕೆಳಗಾಗಿ ಇಡಿ. ಹಣ್ಣಿನ ತೇವ ಹೆಚ್ಚಾಗಿ ಆರುವುದು ಆ ಗುಳಿಯಿಂದ, ಬೂಷ್ಟು ಒಳಗೆ ಹೋಗುವುದೂ ಅಲ್ಲಿಂದಲೇ. ಬಟ್ಟೆಗೆ ಒತ್ತಿ ಕೂತರೆ ಎರಡಕ್ಕೂ ತಡೆ. ಭುಜದ ಭಾಗ ತಳಕ್ಕಿಂತ ಗಟ್ಟಿ ಇರುವುದರಿಂದ ಹಣ್ಣಿನ ಭಾರವನ್ನೂ ಅದು ತಡೆಯುತ್ತದೆ. ಗುಳಿಗೆ ಟೇಪ್ ಅಂಟಿಸುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಆದರೆ ಎರಡು ಕೆ.ಜಿ.ಗೆ ಟೇಪ್ ಅಂಟಿಸುತ್ತಾ ಕೂರುವ ಅಗತ್ಯ ಏನಿದೆ?

ಹಸಿರು ತೊಟ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೀಳಬೇಡಿ, ಅದೇ ಮುಚ್ಚಳ. ಅಂಥವನ್ನು ತೊಟ್ಟು ಮೇಲಾಗಿ ಇಟ್ಟು, ಪಕ್ಕದ ಹಣ್ಣಿಗೆ ಚುಚ್ಚದ ಹಾಗೆ ಸ್ವಲ್ಪ ದೂರ ಇಡಿ.

ಬಾಳೆಹಣ್ಣು, ಸೇಬು, ಮಾವಿನಹಣ್ಣು ಪಕ್ಕದಲ್ಲಿ ಬೇಡ. ಅವೂ ಎಥಿಲೀನ್ ಬಿಡುತ್ತವೆ. ಅದೇ ರೀತಿ ಸೊಪ್ಪು, ಸೌತೆಕಾಯಿಯನ್ನು ಟೊಮೆಟೊ ಹತ್ತಿರ ಇಟ್ಟರೆ ಅವು ಬೇಗ ಹಳದಿಯಾಗುತ್ತವೆ. ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಬಣ್ಣಗೆಡುತ್ತದೆ ಅನ್ನುವವರು ಅದು ಯಾರ ಪಕ್ಕ ಕೂತಿದೆ ಅಂತ ಒಮ್ಮೆ ನೋಡಿ.

## ಹಂತ 5: ಕಾಯಿಯನ್ನು ಬೇಕಾದಾಗ ಹಣ್ಣು ಮಾಡಿಕೊಳ್ಳಿ

ಮೊದಲ ಗುಂಪಿನವು ತಮ್ಮಷ್ಟಕ್ಕೆ ಮಾಗುತ್ತವೆ. 20ರಿಂದ 25 ಡಿಗ್ರಿ ಅದಕ್ಕೆ ಹೇಳಿ ಮಾಡಿಸಿದ ಶಾಖ. ಬೆಂಗಳೂರಿನ ಮನೆಗಳಲ್ಲಿ ವರ್ಷದ ಬಹುಭಾಗ ಅದು ಸುಮ್ನೆ ಸಿಗುತ್ತದೆ. ದೋರೆಗಾಯಿ ಸುಮಾರು ನಾಲ್ಕರಿಂದ ಏಳು ದಿನದಲ್ಲಿ ಕೆಂಪಾಗುತ್ತದೆ. ಪೂರ್ತಿ ಹಸಿರಿದ್ದರೆ ಒಂದು ವಾರದ ಮೇಲೆಯೇ ಬೇಕು.

ಬೇಗ ಬೇಕೆಂದರೆ ಬೇಕಾದಷ್ಟನ್ನು ಕಾಗದದ ಚೀಲಕ್ಕೆ ಹಾಕಿ, ಜೊತೆಗೆ ಒಂದು ಮಾಗಿದ ಏಲಕ್ಕಿ ಬಾಳೆಹಣ್ಣು ಇಟ್ಟು, ಬಾಯಿ ಸಡಿಲವಾಗಿ ಮಡಚಿ. ಹೊರಗೆ ಬೇಡ ಎಂದ ಬಾಳೆಹಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ದಿನಕ್ಕೊಮ್ಮೆ ತೆಗೆದು ನೋಡಿ, ಕೆಂಪಾದದ್ದನ್ನು ತಕ್ಷಣ ಹೊರಗೆ ತೆಗೆಯಿರಿ. ಪ್ಲಾಸ್ಟಿಕ್ ಕವರ್‌ನಲ್ಲಿ ಇದನ್ನು ಮಾಡಬೇಡಿ, ಹಣ್ಣಾಗುವ ಮೊದಲೇ ಬೆವರಿ ಬೂಷ್ಟು ಹಿಡಿಯುತ್ತದೆ.

ಎಷ್ಟು ದಿನ ಇಟ್ಟರೂ ಹಣ್ಣಾಗದ ಕಾಯಿ ಇರುತ್ತದೆ. ಅದು ಬಲಿಯದೆ ಕಿತ್ತದ್ದು. ಒಂದನ್ನು ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿದ್ದರೆ ಬಲಿತ ಕಾಯಿ, ಮಾಗುತ್ತದೆ. ಲೋಳೆ ಇಲ್ಲದೆ ಗಟ್ಟಿ ತಿರುಳಿದ್ದರೆ, ಚಾಕುವಿಗೆ ಬೀಜವೂ ತುಂಡಾದರೆ ಕಾಯಬೇಡಿ. ಆ ಸಾಲಿನ ಕಾಯಿಗಳೆಲ್ಲ ಹುರಿಗಡಲೆ, ಹಸಿಮೆಣಸಿನಕಾಯಿ ಜೊತೆ ಚಟ್ನಿಗೆ ಹೋಗಲಿ.

## ಹಂತ 6: ಫ್ರಿಜ್ ಯಾವಾಗ?

ಹಣ್ಣು ಹದಕ್ಕೆ ಬಂದು, ಇನ್ನೆರಡು ದಿನದಲ್ಲಿ ಖರ್ಚಾಗದು ಎಂದು ಗೊತ್ತಾದ ದಿನ. ಅದಕ್ಕಿಂತ ಮುಂಚೆ ಬೇಡ.

ಟೊಮೆಟೊ ಬಿಸಿನಾಡಿನ ಗಿಡ. 12-13 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಆಗಿಬರುವುದಿಲ್ಲ. ನಿಮ್ಮ ಫ್ರಿಜ್ ಒಳಗೆ ಇರುವುದು 4 ಡಿಗ್ರಿ ಆಸುಪಾಸು. ಹಸಿರು ಕಾಯಿ, ದೋರೆಗಾಯಿಯನ್ನು ಅಲ್ಲಿ ವಾರಗಟ್ಟಲೆ ಇಟ್ಟರೆ ಮಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹೊರಗೆ ತೆಗೆದ ಮೇಲೆ ಮಚ್ಚೆ ಮಚ್ಚೆ ಬಣ್ಣ, ಅಲ್ಲಲ್ಲಿ ಗುಳಿ, ಆಮೇಲೆ ಕಪ್ಪು ಬೂಷ್ಟು. ಚಳಿಯಲ್ಲಿ ಹಣ್ಣಿನ ಘಮ ಹುಟ್ಟಿಸುವ ಕೆಲಸವೂ ನಿಲ್ಲುತ್ತದೆ, ಒಳಗಿನ ತಿರುಳು ಹಿಟ್ಟಾಗುತ್ತದೆ. ಸಪ್ಪೆ ಎನ್ನುವ ದೂರಿಗೆ ಇದೇ ಮೂಲ.

ಪೂರ್ತಿ ಮಾಗಿದ ಹಣ್ಣಿನ ಕಥೆ ಬೇರೆ. ಅದರ ರುಚಿ ಆಗಲೇ ಬಂದು ಕೂತಿದೆ. ಇನ್ನು ಹೊರಗೆ ಬಿಟ್ಟರೆ ಕೊಳೆಯುವುದೊಂದೇ ಬಾಕಿ. ಆಗ ಫ್ರಿಜ್ ಐದಾರು ದಿನ ಸಮಯ ಕೊಡುತ್ತದೆ. ಫ್ರಿಜ್‌ಗೆ ಟೊಮೆಟೊ ಹಾಕಲೇಬಾರದು ಎಂದು ಹಟ ಮಾಡುವವರ ಮಾತು ನನಗೆ ಒಪ್ಪಿಗೆ ಇಲ್ಲ. ಕಸಕ್ಕೆ ಹೋಗುವ ಹಣ್ಣಿಗಿಂತ ಘಮ ಸ್ವಲ್ಪ ಕಮ್ಮಿಯಾದ ಹಣ್ಣು ಮೇಲು.

ಇಡುವ ಕ್ರಮ ಹೀಗಿರಲಿ. ಡಬ್ಬದ ತಳಕ್ಕೆ ಒಣ ಬಟ್ಟೆ ಹಾಸಿ. ತೊಳೆಯದ, ಒಣಗಿದ ಹಣ್ಣನ್ನು ಒಂದೇ ಸಾಲಿನಲ್ಲಿ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಹಿಂದಿನ ಗೋಡೆಗೆ ತಾಗಿಸಬೇಡಿ, ಅಲ್ಲಿ ಅತಿ ಚಳಿ, ಹೆಪ್ಪುಗಟ್ಟಿದರೆ ಹಣ್ಣು ನೀರಾಗುತ್ತದೆ. ತರಕಾರಿ ಡ್ರಾಯರ್ ಅಥವಾ ಬಾಗಿಲಿನ ತಟ್ಟೆ ಸರಿ. ಡ್ರಾಯರ್‌ನಲ್ಲಾದರೆ ಸೊಪ್ಪು ಇನ್ನೊಂದು ಮೂಲೆಗಿರಲಿ.

ಕೋಸಂಬರಿಗೋ ಚುರುಮುರಿಗೋ ಹಸಿಯಾಗಿ ಬಳಸುವುದಾದರೆ ಒಂದು ಗಂಟೆ ಮೊದಲು ಹೊರಗೆ ತೆಗೆದಿಡಿ. ಚಳಿ ಬಿಟ್ಟ ಮೇಲೆ ಘಮ ಸ್ವಲ್ಪ ಮರಳುತ್ತದೆ. ಸಾರು, ಬಾತ್‌ಗೆ ಇದರ ಗೊಡವೆ ಬೇಡ, ಫ್ರಿಜ್‌ನಿಂದ ನೇರ ಒಲೆಗೆ ಹೋಗಬಹುದು. ಒಮ್ಮೆ ಒಳಗೆ ಇಟ್ಟದ್ದನ್ನು ಹೊರಗೆ ತೆಗೆದು, ಮಿಕ್ಕಿತು ಅಂತ ಮತ್ತೆ ಒಳಗಿಟ್ಟು ಆಟ ಆಡಿಸಬೇಡಿ. ಪ್ರತಿ ಸಲ ಹಣ್ಣಿನ ಮೇಲೆ ನೀರು ಹನಿಗಟ್ಟುತ್ತದೆ.

## ಹಂತ 7: ಕಾಲಕ್ಕೆ ತಕ್ಕ ಹಾಗೆ ಬದಲಿಸಿ

ಡಿಸೆಂಬರ್, ಜನವರಿಯಲ್ಲಿ ಏನೂ ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ಹೊರಗಿನ ಶಾಖ 15-16 ಡಿಗ್ರಿಗೆ ಇಳಿಯುತ್ತದೆ. ಹೊರಗಿಟ್ಟ ಟೊಮೆಟೊ ನಿಧಾನಕ್ಕೆ ಮಾಗುತ್ತಾ ತುಂಬಾ ದಿನ ಬರುತ್ತದೆ.

ಕಷ್ಟ ಇರುವುದು ಮಾರ್ಚ್‌ನಿಂದ ಮೇ ತನಕ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮಾಮೂಲು. ತಾರಸಿಯ ಕೆಳಗಿನ ಮನೆಯಾದರೆ ಒಳಗೂ ಕಾವು ಇಳಿಯುವುದಿಲ್ಲ. 30 ಡಿಗ್ರಿ ದಾಟಿದರೆ ಟೊಮೆಟೊದಲ್ಲಿ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ. ಹಳದಿ, ಕಿತ್ತಳೆಯಲ್ಲೇ ನಿಂತು ಮೆತ್ತಗಾಗುತ್ತದೆ. ಕೆಂಪಾಗಲಿ ಅಂತ ಕಾಯುತ್ತಾ ಕೂತರೆ ಕೊಳೆತದ್ದೇ ಸಿಗುತ್ತದೆ. ಈ ತಿಂಗಳುಗಳಲ್ಲಿ ಬಣ್ಣ ನಂಬಬೇಡಿ, ಬೆರಳು ನಂಬಿ. ಒಂದೇ ಸಲಕ್ಕೆ ಜಾಸ್ತಿ ಕೊಳ್ಳಲೂ ಬೇಡಿ.

ಬೇಸಿಗೆಗೆ ಒಳ್ಳೆಯ ಉಪಾಯ ಎರಡು ಮಡಕೆ. ಹೊಳಪು ಹಚ್ಚದ ದೊಡ್ಡ ಮಡಕೆಯೊಳಗೆ ಸಣ್ಣದೊಂದು ಮಡಕೆ ಇಡಿ. ನಡುವೆ ಎರಡು ಮೂರು ಬೆರಳು ಜಾಗಕ್ಕೆ ಮರಳು ತುಂಬಿ, ಮರಳನ್ನು ನೀರಿನಿಂದ ನೆನೆಸಿ. ಒಳಗಿನ ಮಡಕೆಯಲ್ಲಿ ಬಟ್ಟೆ ಹಾಸಿ ಟೊಮೆಟೊ ಇಡಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ. ಗಾಳಿ ಬೀಸುವ ನೆರಳಿನಲ್ಲಿ ಇಟ್ಟು, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿ. ನೀರು ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ, ಒಳಗೆ ತಂಪು ಉಳಿಯುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಟ್ಟಿಗೆ ಮತ್ತು ಮರಳಿನಲ್ಲಿ ರೂಪಿಸಿದ, ಕರೆಂಟ್ ಬೇಡದ ತಂಪು ಕೋಣೆ ಕೆಲಸ ಮಾಡುವುದೂ ಹೀಗೆಯೇ. ನೀರು ಮರಳಿಗೆ ಮಾತ್ರ, ಒಳಮಡಕೆಗೆ ಇಳಿಯಬಾರದು.

ಜುಲೈನಿಂದ ಅಕ್ಟೋಬರ್ ತನಕ ಈ ಮಡಕೆ ಎತ್ತಿಡಿ. ಗಾಳಿಯಲ್ಲೇ ತೇವ ಜಾಸ್ತಿ ಇರುವಾಗ ನೀರು ಆರುವುದಿಲ್ಲ, ಸುಮ್ನೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹಣ್ಣುಗಳ ನಡುವೆ ಜಾಗ ಬಿಡಿ, ಬಟ್ಟೆ ಎರಡು ದಿನಕ್ಕೊಮ್ಮೆ ಬದಲಿಸಿ.

## ಹಂತ 8: ದಿನಾ ಸಂಜೆ ಒಂದು ನೋಟ

ಕಾಫಿ ಕುಡಿಯುವಾಗಲೇ ಆಗುವ ಕೆಲಸ. ಎರಡೂ ಮೊರದ ಮೇಲೆ ಕಣ್ಣಾಡಿಸಿ. ಕಾಯಿಯ ಗುಂಪಿನಲ್ಲಿ ಕೆಂಪಾದದ್ದು ಹಣ್ಣಿನ ಮೊರಕ್ಕೆ ಬರಲಿ. ಹಣ್ಣಿನ ಮೊರದಲ್ಲಿ ಮೆತ್ತಗಾಗುತ್ತಿರುವುದು ಅಡುಗೆಗೋ ಫ್ರಿಜ್‌ಗೋ ಹೋಗಲಿ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ:

- ಹುಳಿ ವಾಸನೆ, ಹೆಂಡದಂಥ ವಾಸನೆ. ಎಲ್ಲೋ ಒಂದು ಹಣ್ಣು ಒಳಗಿಂದ ಹುಳಿಯುತ್ತಿದೆ. ಎಲ್ಲವನ್ನೂ ಎತ್ತಿ ನೋಡಿ.
- ಸಣ್ಣ ನೊಣಗಳು. ಬಿರುಕು ಬಿಟ್ಟ ಹಣ್ಣಿಗೆ ಬರುತ್ತವೆ, ಅಲ್ಲೇ ಮೊಟ್ಟೆ ಇಡುತ್ತವೆ. ಆ ಹಣ್ಣು ತೆಗೆಯದೆ ನೊಣ ಓಡಿಸಿ ಪ್ರಯೋಜನ ಇಲ್ಲ. ಆಮೇಲೆ ಬಟ್ಟಲಲ್ಲಿ ಸ್ವಲ್ಪ ವಿನೆಗರ್ ಹಾಕಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಇಟ್ಟರೆ ಉಳಿದ ನೊಣ ಅದರಲ್ಲಿ ಬೀಳುತ್ತವೆ.
- ಬಟ್ಟೆಯ ಮೇಲೆ ಒದ್ದೆ ಕಲೆ. ಮೇಲಿನಿಂದ ಚೆನ್ನಾಗಿ ಕಂಡರೂ ಆ ಹಣ್ಣಿನ ತಳ ಒಡೆದಿದೆ.
- ತೊಟ್ಟಿನ ಗುಳಿಯಲ್ಲಿ ಬಿಳಿ ಅಥವಾ ಬೂದು ನವಿರು.

ಬೂಷ್ಟು ಹಿಡಿದ ಜಾಗವಷ್ಟೇ ಕತ್ತರಿಸಿ ಮಿಕ್ಕಿದ್ದನ್ನು ಬಳಸುವವರಿದ್ದಾರೆ. ಟೊಮೆಟೊ ವಿಷಯದಲ್ಲಿ ಅದು ಬೇಡ. ಮೆತ್ತಗಿನ, ರಸ ತುಂಬಿದ ಹಣ್ಣಿನಲ್ಲಿ ಬೂಷ್ಟಿನ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತದೆ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನೂ ನಂಬಬೇಡಿ. ಕೆಲವು ಬೂಷ್ಟಿನ ವಿಷ ಬಿಸಿಗೂ ಜಗ್ಗುವುದಿಲ್ಲ. ಹಸಿ ಕಸಕ್ಕೆ ಹಾಕಿ, ಅದಕ್ಕೆ ತಾಗಿದ್ದವನ್ನು ತೊಳೆದು ಅದೇ ದಿನ ಬೇಯಿಸಿ. ಸಿಪ್ಪೆ ಬರೀ ಸುಕ್ಕಾಗಿದ್ದರೆ ಮಾತ್ರ ಹೆದರಬೇಕಿಲ್ಲ. ನೀರಿನಂಶ ಆರಿದೆ ಅಷ್ಟೇ, ಗೊಜ್ಜಿಗೆ ಅದು ಇನ್ನೂ ಒಳ್ಳೆಯದು.

## ಹಂತ 9: ಕೊಯ್ದ ಅರ್ಧ ಉಳಿದರೆ

ಕೊಯ್ದದ್ದು ಯಾವ ಕಾರಣಕ್ಕೂ ಹೊರಗೆ ಇರಬಾರದು. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಲಿ. ಕೊಯ್ದ ಮುಖ ಕೆಳಗೆ ಮಾಡಿ, ಮುಚ್ಚಳ ಇರುವ ಸ್ಟೀಲ್ ಅಥವಾ ಗಾಜಿನ ಡಬ್ಬದಲ್ಲಿ ಇಡಿ. ಎರಡು ದಿನದಲ್ಲಿ ಮುಗಿಸಿ. ಹಸಿಯಾಗಿ ತಿನ್ನುವುದಕ್ಕಿಂತ ಒಗ್ಗರಣೆಗೆ ಹಾಕುವುದು ವಾಸಿ.

## ಹಂತ 10: ಮಿಕ್ಕಿದ್ದನ್ನು ಉಳಿಸಿಕೊಳ್ಳಿ

ಟೊಮೆಟೊ ಬೆಲೆಯ ಆಟ ನಿಮಗೆ ಗೊತ್ತೇ ಇದೆ. 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಇನ್ನು ಕೆಲವು ತಿಂಗಳು ರೈತರು ರಸ್ತೆಗೆ ಸುರಿಯುವಷ್ಟು ಅಗ್ಗ. ಅಗ್ಗ ಇದ್ದಾಗ ಮಾಡಿಟ್ಟುಕೊಳ್ಳಲು ಮೂರು ದಾರಿ ಇವೆ. ನನಗೆ ಹಿಡಿಸಿದ್ದು ಮೊದಲನೆಯದು.

ಇಡಿಯಾಗಿ ಫ್ರೀಜರ್‌ಗೆ. ತೊಳೆದು ಪೂರ್ತಿ ಒರೆಸಿ. ತೊಟ್ಟಿನ ಗಟ್ಟಿ ಭಾಗ ಕೊರೆದು ತೆಗೆಯಿರಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜರ್‌ನಲ್ಲಿ ಒಂದು ರಾತ್ರಿ ಬಿಡಿ. ಕಲ್ಲಿನಂತಾದ ಮೇಲೆ ಜಿಪ್ ಕವರ್‌ಗೆ ಹಾಕಿ, ಗಾಳಿ ಹೊರಗೆ ಒತ್ತಿ ಮುಚ್ಚಿ. ತಾರೀಕು ಬರೆದಿಡಿ. ನೇರವಾಗಿ ಕವರ್‌ಗೆ ತುಂಬಿ ಇಟ್ಟರೆ ಎಲ್ಲ ಸೇರಿ ಒಂದೇ ಗಡ್ಡೆಯಾಗುತ್ತದೆ, ಎರಡು ಬೇಕೆಂದರೂ ಬಿಡಿಸಲಾಗದು. ಎರಡು ಮೂರು ತಿಂಗಳು ರುಚಿ ಚೆನ್ನಾಗಿರುತ್ತದೆ. ಬಳಸುವಾಗ ನೀರಿನ ಕೆಳಗೆ ಒಂದು ನಿಮಿಷ ಹಿಡಿದರೆ ಸಿಪ್ಪೆ ತಾನಾಗೇ ಜಾರುತ್ತದೆ. ಕರಗಿದ ಮೇಲೆ ಮೆತ್ತಗಾಗುವುದರಿಂದ ಹಸಿ ತಿನ್ನಲು ಆಗದು. ಸಾರು, ಬಾತ್, ಸಾಂಬಾರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ರುಬ್ಬಿ ಇಡುವುದು. ಹಣ್ಣು ಬೇಯಿಸಿ, ಆರಿಸಿ, ರುಬ್ಬಿ, ಮತ್ತೆ ಕುದಿಸಿ ಗಟ್ಟಿ ಮಾಡಿ. ಐಸ್ ಟ್ರೇಗೆ ಹೊಯ್ದು ಹೆಪ್ಪುಗಟ್ಟಿಸಿ, ಗಡ್ಡೆಗಳನ್ನು ಕವರ್‌ಗೆ ಹಾಕಿಡಿ. ಫ್ರೀಜರ್ ಇಲ್ಲದೆ ಬರೀ ಫ್ರಿಜ್‌ನಲ್ಲಾದರೆ ಮೂರು ನಾಲ್ಕು ದಿನ ಅಷ್ಟೇ. ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಟೊಮೆಟೊ ಹುಳಿ ಲೋಹವನ್ನು ತಿನ್ನುತ್ತದೆ.

ಇಲ್ಲೊಂದು ಗಂಭೀರ ಎಚ್ಚರಿಕೆ. ರುಬ್ಬಿದ್ದನ್ನು ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಹೊರಗೆ ಶೆಲ್ಫ್‌ನಲ್ಲಿ ತಿಂಗಳುಗಟ್ಟಲೆ ಇಡುವ ವಿಡಿಯೊಗಳು ಓಡಾಡುತ್ತವೆ. ಹಾಗೆ ಮಾಡಬೇಡಿ. ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ಎಂಬ ಜೀವಕ್ಕೇ ಕುತ್ತು ತರುವ ಕಾಯಿಲೆಯ ವಿಷ ಹುಟ್ಟಬಹುದು. ಅದನ್ನು ತಡೆಯಲು ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಕಮ್ಮಿ) 4.6ಕ್ಕಿಂತ ಕೆಳಗೆ ಇರಬೇಕು. ಟೊಮೆಟೊ ಆ ಗೆರೆಯ ಆಚೆ ಈಚೆಯಲ್ಲೇ ಇರುತ್ತದೆ, ಹುಳಿ ಕಮ್ಮಿ ಇರುವ ಹಣ್ಣು ಗೆರೆ ದಾಟಿಬಿಡುತ್ತದೆ. ಮುಚ್ಚಳ ಉಬ್ಬಿದ, ತೆರೆದಾಗ ನೊರೆ ಉಕ್ಕಿದ ಬಾಟಲಿಯನ್ನು ರುಚಿ ಕೂಡ ನೋಡಬೇಡಿ. ಈ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ.

ತೊಕ್ಕು. ಉಪ್ಪು, ಹುಣಸೆಹಣ್ಣು, ಖಾರ, ಎಣ್ಣೆ ಹಾಕಿ ನೀರಿನಂಶ ಪೂರ್ತಿ ಹೋಗಿ ಎಣ್ಣೆ ಬಿಡುವ ತನಕ ಬಾಡಿಸಿ. ಒಣ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಒದ್ದೆ ಚಮಚ ಹಾಕಿದರೆ ವಾರದಲ್ಲೇ ಬೂಷ್ಟು.

ಬಿಸಿಲಲ್ಲಿ ಹೋಳು ಒಣಗಿಸುವ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರಿನ ಬಿಸಿಲನ್ನು ಅದಕ್ಕೆ ನಂಬಲಾಗದು. ಏಪ್ರಿಲ್‌ನಲ್ಲಿ ಬಿಸಿಲಿದೆ ಅಂದುಕೊಂಡರೆ ಸಂಜೆ ಮಳೆ ಹೊಯ್ದುಬಿಡುತ್ತದೆ. ಅರ್ಧ ಒಣಗಿದ ಹೋಳು ಬೂಷ್ಟು ಹಿಡಿಯುವುದೇ ಜಾಸ್ತಿ.

ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರ್ ಮುಚ್ಚಿಟ್ಟರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಮತ್ತೆ ಕರೆಂಟ್ ಬಂದಾಗ ಟೊಮೆಟೊದಲ್ಲಿ ಇನ್ನೂ ಐಸ್ ಹರಳು ಇದ್ದರೆ ಹಾಗೇ ಬಿಡಬಹುದು. ಪೂರ್ತಿ ಕರಗಿ, ತಂಪು ಇನ್ನೂ ಉಳಿದಿದ್ದರೆ ಅವತ್ತೇ ಸಾರು ಮಾಡಿ. ಬೆಚ್ಚಗಾಗಿ ಬಿದ್ದಿದ್ದರೆ ಎಸೆಯಿರಿ.

## ಹಂತ 11: ಹೊಸದು ತರುವ ಮೊದಲು ಮೊರ ತೊಳೆಯಿರಿ

ಹಳೆಯ ಕೊಳೆಯ ಬೂಷ್ಟು ಬಿದಿರಿನ ಸಂದಿಯಲ್ಲಿ ಉಳಿದಿರುತ್ತದೆ. ಎಲ್ಲ ಸರಿ ಮಾಡಿದರೂ ಹಣ್ಣು ಕೆಡುತ್ತಿದೆ ಅನ್ನುವವರ ಮನೆಯಲ್ಲಿ ಬಹಳ ಸಲ ತಪ್ಪು ಇಲ್ಲೇ ಇರುತ್ತದೆ. ಒಂದು ಸುತ್ತು ಖಾಲಿಯಾದಾಗ ಮೊರವನ್ನು ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ, ಬಿಸಿಲಲ್ಲಿ ಎರಡೂ ಮಗ್ಗುಲು ಒಣಗಿಸಿ. ಬಟ್ಟೆ ಒಗೆಯಿರಿ. ಫ್ರಿಜ್ ಡ್ರಾಯರ್ ಹೊರಗೆ ತೆಗೆದು ಮೂಲೆಗಳನ್ನು ಒರೆಸಿ. ಮಳೆಗಾಲದಲ್ಲಿ ಬಿದಿರು ಒಣಗದೆ ಸತಾಯಿಸುತ್ತದೆ. ಆ ನಾಲ್ಕು ತಿಂಗಳು ಸ್ಟೀಲ್ ಜರಡಿಯೋ ತೂತಿರುವ ಪ್ಲಾಸ್ಟಿಕ್ ಬುಟ್ಟಿಯೋ ಬಳಸಿದರೆ ಕೆಲಸ ಹಗುರ.